ಮಿಷಿನಕ್ಕನ ಹೆದರಿಕೆ

ಅವರ ಎಡಗೈ ತೋರುಬೆರಳಿನ ಉಗುರು ನಡುಮಧ್ಯೆ ಸೀಳಿಕೊಂಡು, ಒಂದೇ ಬೆರಳಿಗೆ ಎರಡು ಉಗುರು ಇದ್ದ ಹಾಗೆ ಬೆಳೆಯುತ್ತಿತ್ತು. ಹೊಲಿಗೆ ಕಲಿಯುವ ಕಾಲಕ್ಕೆ ಮಿಷಿನ್ನಿನ ಸೂಜಿ ಆ ಬೆರಳಿನೊಳಕ್ಕೆ ಇಳಿದು ಅಲ್ಲೇ ಮುರಿದಿತ್ತಂತೆ. ಆಮೇಲೆ ಜೀವಮಾನವೆಲ್ಲ ಅವರು ಆ ಬೆರಳನ್ನು ಮಡಚಿಕೊಂಡೇ ಹೊಲಿದರು. ತುಟಿ ಕಚ್ಚಿಕೊಂಡು, ಮಿಷಿನ್ನು ಎಲ್ಲಿ ಎದ್ದು ಮೈಮೇಲೆ ಬಂದುಬಿಡುತ್ತದೋ ಅನ್ನುವಂತೆ ಅದನ್ನೇ ದುರುಗುಟ್ಟಿ ನೋಡುತ್ತಾ ಕೂತಿರುತ್ತಿದ್ದರು. ಹೊಲಿಗೆಯಿಂದಲೇ ಹೊಟ್ಟೆ ಹೊರೆದುಕೊಂಡು ಹೊಲಿಗೆ ಮಿಷಿನ್ನಿಗೇ ಹೆದರುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಪಾಂಡವಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮಪ್ಪ ನಾಲೆ ಬಯಲಿನ ಗದ್ದೆ ನೋಡಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇದ್ದವರು. ಪಕ್ಕದ ಮನೆಯವರು ಅಕ್ಕಸಾಲಿಗಳು. ಗಂಡ ಹಿಂದಿನ ಕೋಣೆಯಲ್ಲಿ ಕೂತು ಮುರಿದ ಓಲೆ, ಸವೆದ ಮೂಗುಬಟ್ಟು ಸರಿಮಾಡುತ್ತಿದ್ದರು. ಹೆಂಡತಿ ಮುಂದಿನ ಪಡಸಾಲೆಯಲ್ಲಿ ಬೀದಿಯ ಹೆಂಗಸರ ಬಟ್ಟೆಯೆಲ್ಲ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಮಿಷಿನಕ್ಕ. ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ.

ಅವರ ಹೆದರಿಕೆ ನಮ್ಮ ಬೀದಿಗೆಲ್ಲ ಪ್ರಸಿದ್ಧವಾಗಿತ್ತು. ಹಲ್ಲಿಗೆ ಹೆದರುತ್ತಿದ್ದರು, ಗುಡುಗಿಗೆ ಹೆದರುತ್ತಿದ್ದರು, ಖಾಕಿ ಬಟ್ಟೆ ತೊಟ್ಟವರು ಯಾರೇ ಆಗಲಿ, ಲೈಟ್ ಬಿಲ್ ಕೊಡಲು ಬಂದವನನ್ನು ಕಂಡರೂ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ಎದುರು ಮನೆಯಲ್ಲಿ ಫೋನ್ ಬಡಿದುಕೊಂಡರೆ ಎದೆ ಮೇಲೆ ಕೈಯಿಟ್ಟುಕೊಂಡು, "ಯಾರ್ಗೇನಾಯ್ತೋ ಕಾಣೆ" ಅನ್ನುತ್ತಿದ್ದರು. ಬಸ್ಸು ಹತ್ತಿದರೆ ಡ್ರೈವರನ ಬೆನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲವಂತೆ. ನೋಡುವುದು ಬಿಟ್ಟರೆ ಅವನು ನಿದ್ದೆ ಹೋಗಿಬಿಟ್ಟರೆ ಅಂತ. ಬಟ್ಟೆಗೆ ಕತ್ತರಿ ಹಾಕುವುದಂತೂ ದಿನಾ ಒಂದು ಗಂಡಾಂತರ. ಸೀಮೆಸುಣ್ಣದಲ್ಲಿ ಗೆರೆ ಎಳೆದಾದ ಮೇಲೂ ಕತ್ತರಿ ಹಿಡಿದು ಕೂತು, "ಹಾಕ್ಬುಡ್ಲಾ?" ಅನ್ನುತ್ತಿದ್ದರು. ಹಾಕು ಅಂದರೆ, "ತಪ್ಪೋದ್ರೆ?" ಅನ್ನುತ್ತಿದ್ದರು. ನಮ್ಮವ್ವನಿಗೆ ಅಷ್ಟು ಹೊತ್ತು ತಡೆಯುತ್ತಿರಲಿಲ್ಲ. "ಕೊಡಿಲ್ಲಿ, ನಾನೇ ಹಾಕ್ತೀನಿ" ಅಂತ ಕೈ ಚಾಚುತ್ತಿದ್ದಳು. ನಮ್ಮವ್ವ ಗೂಳಿಯನ್ನೂ ಕೊಂಬು ಹಿಡಿದು ನಿಲ್ಲಿಸುವ ಜಾತಿ. ಮಿಷಿನಕ್ಕನಿಗೆ ಅವಳನ್ನು ಕಂಡರೂ ಸ್ವಲ್ಪ ಭಯವೇ.

ಆಗ ನಮ್ಮ ಕಡೆ ಹೆಂಗಸರ ಮೈಯನ್ನು ಯಾರೂ ಅಳೆಯುತ್ತಿರಲಿಲ್ಲ. ಬಟ್ಟೆಯ ಜೊತೆಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಸುತ್ತಿ ಕಳಿಸಿದರೆ ಮುಗಿಯಿತು. ಅದಕ್ಕೆ ಅಳತೆ ರವಿಕೆ ಅಂತ ಹೆಸರು. ದಪ್ಪಗಾಗಿದ್ದರೆ, "ವಸಿ ಬುಟ್ಟು ಹೊಲಿ" ಅನ್ನುವುದು. ಇಳಿದಿದ್ದರೆ, "ವಸಿ ಇಡ್ದು ಹೊಲಿ" ಅನ್ನುವುದು. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಅನ್ನುವುದು ಹೊಲಿಯುವವರ ಹಣೆಬರಹ. ಮದುವೆ ಗೊತ್ತಾದರೆ ಗಂಡಿನ ಕಡೆಯವರು ಧಾರೆ ಸೀರೆಯ ರವಿಕೆ ಹೊಲಿಸಲು ಹೆಣ್ಣಿನ ಮನೆಯಿಂದ ಅಳತೆ ರವಿಕೆ ತರಿಸಿಕೊಳ್ಳುತ್ತಿದ್ದರು. ಹುಡುಗಿ ಆ ಮನೆಯ ಹೊಸಿಲು ತುಳಿಯುವುದಕ್ಕೆ ಮುಂಚೆ ಅವಳ ರವಿಕೆ ಅಲ್ಲಿಗೆ ಹೋಗಿ, ಹತ್ತು ಜನರ ಕೈಯಲ್ಲಿ ಓಡಾಡಿ ಬಂದಿರುತ್ತಿತ್ತು.

ನಮ್ಮಕ್ಕ ಹುಟ್ಟಾ ಕಡ್ಡಿ. ಅವಳನ್ನು ನೋಡಲು ಮೊದಲು ಬಂದದ್ದು ನಾಗಮಂಗಲದ ಕಡೆಯ ಜನ. ಅವರ ಜೊತೆಗೆ ಬಂದಿದ್ದ ಅಜ್ಜಿಯೊಬ್ಬಳು ಅಕ್ಕನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಎಣ್ಣೇನೋ ಲಕ್ಸಣವಾಗವ್ಳೆ. ಆದ್ರೆ ಕೈಗೇ ಸಿಕ್ಕಕಿಲ್ವಲ್ಲ. ನಾಳೆ ಬಾಣಂತನ ಎಂಗ್ ತಡ್ಕಂಡಾಳು?" ಅಂದಳು. ಉಪ್ಪಿಟ್ಟು ತಿಂದು ಹೋದವರು ತಿರುಗಿ ನೋಡಲಿಲ್ಲ. ಅವತ್ತಿನಿಂದ ನಮ್ಮವ್ವ ಅಕ್ಕನ ಮುದ್ದೆಯ ಗುಳಿಗೆ ತುಪ್ಪ ಸುರಿಯತೊಡಗಿದಳು. ಬಾಳೆಹಣ್ಣು, ಗಟ್ಟಿ ಹಾಲು, ಕಡಲೆಬೀಜದ ಉಂಡೆ. ಅಕ್ಕ ಬೇಡ ಅಂದು ಪಕ್ಕಕ್ಕೆ ಸರಿಸಿದ್ದನ್ನೆಲ್ಲ ನಾನು ತಿಂದೆ. ಅಕ್ಕ ಕಡ್ಡಿಯಾಗಿಯೇ ಉಳಿದಳು.

ಅದೇ ನಾಗಮಂಗಲದ ಇನ್ನೊಂದು ಮನೆಯವರು ನೋಡಲು ಬರುತ್ತಾರೆ ಅಂದಾಗ ಅವ್ವ ಮಿಷಿನಕ್ಕನ ಪಡಸಾಲೆಯಲ್ಲಿ ಕೂತು ಸಂಚು ಮಾಡಿದಳು. ರವಿಕೆಗೆ ಒಂದರ ಮೇಲೊಂದು ಎರಡು ಒಳಬಟ್ಟೆ, ತೋಳಿಗೂ ಒಳಬಟ್ಟೆ, ಸೀರೆಯ ಕೆಳಗೆ ಗಂಜಿ ಹಾಕಿದ ಎರಡು ಲಂಗ.

"ಮುಟ್ಟಿ ನೋಡ್ಬುಟ್ರೆ ಅಕ್ಕಯ್ಯ?" ಮಿಷಿನಕ್ಕ ಕೇಳಿದರು.

"ನೋಡ್ಕಳ್ಲಿ. ಬಟ್ಟೆ ಮುಟ್ತಾರೆ ಅಷ್ಟೇಯ."

"ನಂಗೆ ಎದ್ರಿಕೆ ಆಯ್ತದೆ ಕನಕ್ಕಯ್ಯ. ಆಮೇಲೆ ಪೊಲೀಸು ಗಿಲೀಸು ಅಂತ ಬಂದ್ರೆ ನನ್ನ ಎಸ್ರು ಏಳ್ಬೇಡಿ."

ಅವರು ಹೆಣ್ಣು ನೋಡಿ ಹೋಗುವವರೆಗೂ ಮಿಷಿನಕ್ಕ ನಮ್ಮ ಅಡುಗೆಮನೆ ಬಾಗಿಲ ಹಿಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಅಕ್ಕ ಬೇಸಗೆಯ ಆ ಸೆಕೆಯಲ್ಲಿ ನಾಲ್ಕು ಪದರದ ಒಳಗೆ ಬೆಂದುಹೋದಳು. "ಎಣ್ಣು ಮೈಕೈ ತುಂಬ್ಕಂಡು ಚೆಂದಾಗವ್ಳೆ" ಅಂದರು ಅವರು. ಮದುವೆಯಾಯಿತು. ಆ ಮನೆಯವರು ಒಳ್ಳೆಯವರು. ಸೊಸೆ ಮದುವೆ ಓಡಾಟಕ್ಕೆ ಇಳಿದುಬಿಟ್ಟಳು ಅಂದುಕೊಂಡು ಅವರೂ ತುಪ್ಪ ಹಾಕತೊಡಗಿದರು. ನಾವು ಅದನ್ನು ನೆನೆಸಿಕೊಂಡು ಎಷ್ಟೋ ದಿನ ನಕ್ಕಿದ್ದೇವೆ.

ನನ್ನ ಸರದಿ ಬರುವ ಹೊತ್ತಿಗೆ ನಗುವ ಹಾಗಿರಲಿಲ್ಲ. ನಾನು ಚಿಕ್ಕಂದಿನಿಂದ ತುಂಬಿದ ಮೈಯವಳು. ಯಾರ ಮನೆಗೆ ಹೋದರೂ ಗಲ್ಲ ಹಿಡಿದು, "ಇವಳಪ್ಪ ಎಣ್ಣು ಅಂದ್ರೆ" ಅನ್ನಿಸಿಕೊಂಡೇ ಬೆಳೆದವಳು. ನನಗೆ ಗಂಡು ಹುಡುಕುವ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಚಿಂತೆ ಇರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಗೆ ಕೇಬಲ್ಲು ಬಂತು. ಟಿ.ವಿ.ಯಲ್ಲಿ ಕಿರೀಟ ಇಟ್ಟುಕೊಂಡು ಅಳುವ ಹುಡುಗಿಯರು ಬಂದರು, ವಾರಪತ್ರಿಕೆಯಲ್ಲಿ ನಿಂಬೆಹಣ್ಣು ಜೇನುತುಪ್ಪದ ಪುಟ ಬಂತು. ಯಾವಾಗ ಯಾರು ತೀರ್ಮಾನ ಮಾಡಿದರೋ ನನಗೆ ಗೊತ್ತಿಲ್ಲ, ಅದೇ ಬೀದಿಯ ಅದೇ ಹೆಂಗಸರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ವಸಿ ಊಟ ಕಮ್ಮಿ ಮಾಡವ್ವ" ಅನ್ನತೊಡಗಿದರು. ನಾನು ಇದ್ದ ಹಾಗೇ ಇದ್ದೆ. ನೋಡುವವರ ಕಣ್ಣು ಬದಲಾಗಿತ್ತು.

ಶ್ರೀರಂಗಪಟ್ಟಣದ ಸಂಬಂಧವೊಂದು ಕೂಡಿಬಂತು. ಹುಡುಗ ಸರ್ಕಾರಿ ಕೆಲಸದಲ್ಲಿದ್ದ, ತಂಗಿ ಮೈಸೂರಿನ ಕಾಲೇಜಿಗೆ ಓಡಾಡುತ್ತಿದ್ದಳು. ನೋಡಿ ಹೋದರು, ಒಪ್ಪಿದರು. ಆದರೆ ನಂಟಸ್ತನ ತಂದಿದ್ದ ನಮ್ಮ ದೂರದ ಮಾವನ ಕೈಲಿ ಒಂದು ಮಾತು ಹೇಳಿಸಿದರು: ಹುಡುಗಿ ಮದುವೆ ಹೊತ್ತಿಗೆ ಸ್ವಲ್ಪ ಇಳಿದರೆ ಫೋಟೋಗೆ ಚೆನ್ನಾಗಿರುತ್ತದೆ. ಆ ತಂಗಿ ಪ್ರೀತಿಯಿಂದಲೇ ನನಗೆ ಮೈಸೂರಿನಿಂದ ಎರಡು ರೆಡಿಮೇಡ್ ಚೂಡಿದಾರ್ ಕಳಿಸಿದ್ದಳು. ಎರಡರ ಕತ್ತಿನ ಹಿಂದೆಯೂ 'ಎಲ್' ಅನ್ನುವ ಒಂದೇ ಅಕ್ಷರ. ಮೊದಲನೆಯದು ನನ್ನ ಭುಜ ದಾಟಿ ಕೆಳಗಿಳಿಯಲಿಲ್ಲ. ತಲೆಯ ಮೇಲೆ ಎರಡೂ ಕೈ ಎತ್ತಿಕೊಂಡು ಅದರೊಳಗೆ ಸಿಕ್ಕಿಹಾಕಿಕೊಂಡು ಉಸಿರು ಕಟ್ಟಿದಾಗ ಅವ್ವ ಬಂದು ಎಳೆದು ತೆಗೆದಳು. ಎರಡನೆಯದು ಗೋಣಿಚೀಲದಷ್ಟು ಸಡಿಲ. ಮಿಷಿನಕ್ಕ ಎರಡನ್ನೂ ಒಂದರ ಮೇಲೊಂದು ಹಾಸಿ ನೋಡಿ, "ಒಂದ್ರಲ್ಲಿ ನನ್ನಂಥೋಳೂ ತೂರಕಾಗಕಿಲ್ಲ, ಇನ್ನೊಂದ್ರಲ್ಲಿ ನಾವಿಬ್ರೂವೆ ಓಗ್ಬೋದು. ಯಾವಳ ಮೈ ನೋಡ್ಕಂಡು ಬರೆದ್ರೋ ಈ ಅಕ್ಸರವ" ಅಂದರು. ನನಗೆ ನಗು ಬರಲಿಲ್ಲ. ಎರಡರಲ್ಲಿ ನಾನು ನಂಬಿದ್ದು ಭುಜ ದಾಟದ್ದನ್ನೇ.

ಆಮೇಲೆ ಅಳತೆ ರವಿಕೆ ಬೇಕು ಅಂತ ಹೇಳಿ ಕಳಿಸಿದರು. ಅವ್ವ ಟ್ರಂಕು ತೆಗೆದು, ನನ್ನ ರವಿಕೆಗಳನ್ನೆಲ್ಲ ಕೈಯಲ್ಲಿ ಹಿಡಿದು ಹಿಡಿದು ನೋಡಿ, ಕೆಳಗಿಟ್ಟಳು. ಕೊನೆಗೆ ತಳದಿಂದ ಒಂದು ಹಸಿರು ರವಿಕೆ ತೆಗೆದಳು. ಅದು ಅಕ್ಕನದು, ಮದುವೆಗೆ ಮುಂಚಿನದು. ಹುಕ್ಕೊಂದು ಬಿಟ್ಟಿತ್ತು ಅಂತ ಪಕ್ಕದ ಮನೆಗೆ ತೆಗೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

ಮಿಷಿನಕ್ಕ ಕೈಗೆ ತೆಗೆದುಕೊಂಡ ಕೂಡಲೇ, "ಇದು ದೊಡ್ಡ ಮಗೀದಲ್ವಾ?" ಅಂದರು.

"ಹೂಂ. ಇವಳದ್ನ ಕಳಿಸಿ, ಅವ್ರು ಅಳ್ಳಾಡ್ಸಿ ನೋಡಿ, ಬ್ಯಾಡ ಅಂದ್ಬುಟ್ರೆ? ಇನ್ನೂ ಎಲ್ಡು ತಿಂಗ್ಳದೆ. ಇಳೀತಾಳೆ ಬುಡು."

"ಮೈ ಇಳೀತದೆ ಅಕ್ಕಯ್ಯ. ಭುಜ ಎಂಗಿಳೀತದೆ? ಮೂಳೆ ಅಲ್ವಾ?"

"ಎಲ್ಲಾ ಇಳೀತದೆ."

"ನಂಗೆ ಎದ್ರಿಕೆ ಆಯ್ತದೆ."

"ನಿಂಗೆ ಯಾವ್ದಕ್ಕೆ ಎದ್ರಿಕೆ ಇಲ್ಲ ಏಳು. ಹುಕ್ಕಾಕು."

ಹುಕ್ಕು ಹಾಕಿಸಿಕೊಂಡ ರವಿಕೆ ಶ್ರೀರಂಗಪಟ್ಟಣದ ಬಸ್ಸು ಹತ್ತಿತು. ಇನ್ನು ನಾನು ಆ ರವಿಕೆಯ ಒಳಗೆ ಹೋಗಬೇಕಾಗಿತ್ತು.

ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ದಿನಗಳಲ್ಲಿ. ಅಕ್ಕನ ಇನ್ನೊಂದು ಹಳೆಯ ರವಿಕೆ ಮನೆಯಲ್ಲಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ತೊಟ್ಟು ನೋಡುತ್ತಿದ್ದೆ. ಹುಕ್ಕಿಗೂ ಅದು ಸೇರಬೇಕಾದ ಜಾಗಕ್ಕೂ ನಡುವೆ ನನ್ನ ಕೈ ಹಿಡಿಯುವಷ್ಟು ಅಂತರ. ಮುದ್ದೆ ಬಿಟ್ಟೆ. ಅನ್ನ ಬಿಟ್ಟೆ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿದೆ. ಸೊಂಟಕ್ಕೆ ಹಳೆಯ ಪಂಚೆ ಬಿಗಿದು ಕಟ್ಟಿಕೊಂಡೆ. ಸಾರಿಗೆ ಒಗ್ಗರಣೆ ಹಾಕುವ ವಾಸನೆ ಬಂದರೆ ಹಿತ್ತಿಲಿಗೆ ಓಡಿಹೋಗುತ್ತಿದ್ದೆ. ಅಲ್ಲೇ ನಿಂತಿದ್ದರೆ ಎಲ್ಲಿ ಪಾತ್ರೆಗೇ ಕೈ ಹಾಕಿಬಿಡುತ್ತೇನೋ ಅಂತ. ಕಣ್ಣ ಮುಂದೆ ಕಪ್ಪು ಚುಕ್ಕಿ ಹಾರಾಡತೊಡಗಿದವು. ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುವಾಗ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಬಾಚಿದರೆ ಕೂದಲು ಗೊಂಚಲಾಗಿ ಬರುತ್ತಿತ್ತು. ತಿಂಗಳ ಮುಟ್ಟು ನಿಂತುಹೋಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಮದುವೆ ಗೊತ್ತಾದ ಹುಡುಗಿ ಆ ಮಾತು ಹೇಳಿದರೆ ಏನೇನು ಅರ್ಥ ಬರುತ್ತದೆ ಅಂತ ನನಗೆ ಗೊತ್ತಿತ್ತು.

ಭಯವೆಲ್ಲ ನನ್ನ ಒಳಗೆ. ಹೊರಗೆ ನೋಡಿದರೆ ಹೊಗಳಿಕೆಯೋ ಹೊಗಳಿಕೆ. "ಈಗ ನೋಡು ಎಂಗವ್ಳೆ", "ಏನ್ ಮಾಡ್ದೆ ಅಂತ ನನ್ ಮಗಳ್ಗೂ ಏಳ್ಕೊಡು" ಅನ್ನುತ್ತಿದ್ದರು ಹೆಂಗಸರು. ನಾಗಮಂಗಲದಿಂದ ಬಂದ ಅಕ್ಕ ಮಾತ್ರ ನನ್ನ ಮಣಿಕಟ್ಟು ಹಿಡಿದು ನೋಡಿದಳು. ಅವಳಿಗೆ ಕಂಕುಳಲ್ಲಿ ಕೂಸು, ಮನೆ ತುಂಬ ಕೆಲಸ. ಮಾರನೇ ದಿನವೇ ಹೊರಟುಹೋದಳು. ನಮ್ಮವ್ವ ನನ್ನ ತಟ್ಟೆಯ ಕಡೆ ನೋಡುವುದನ್ನು ಬಿಟ್ಟಿದ್ದಳು. ನೋಡಿದರೆ ತಡೆಯಲಾರೆ ಅಂತ ಅವಳಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಬೀದಿಯಲ್ಲಿ ಹೊಗಳದವರು ಮಿಷಿನಕ್ಕ ಒಬ್ಬರೇ. ಒಂದು ಮಧ್ಯಾಹ್ನ ಸೀರೆಗೆ ಫಾಲ್ಸ್ ಹಚ್ಚಿಸಲು ಹೋಗಿದ್ದಾಗ ಬಟ್ಟೆ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಕೈ ಹಿಡಿದುಕೊಂಡರು. ಬಿಡಲೇ ಇಲ್ಲ.

"ಇಷ್ಟು ತಣ್ಣಗಿದ್ದೀಯಲ್ಲ ಕನವ್ವ," ಅಂದರು. "ಬಿಸ್ಲಲ್ಲಿ ಬಂದಿದೀಯ, ಕೈ ಇಂಗದೆ."

"ಏನಿಲ್ಲ ಅಕ್ಕ."

"ಏನೋ ಅದೆ. ನಂಗೆ ನಿನ್ನ ನೋಡಿದ್ರೆ ಎದ್ರಿಕೆ ಆಯ್ತದೆ."

ಅವತ್ತಿನಿಂದ ದಿನಾ ಏನಾದರೂ ನೆಪ ತೆಗೆದು ಬರತೊಡಗಿದರು. ಒಂದು ದಿನ ಸಕ್ಕರೆ ಬೇಕು, ಇನ್ನೊಂದು ದಿನ ಕರಿಬೇವು ಬೇಕು. ಬಂದು ಬಾಗಿಲಲ್ಲಿ ನಿಂತು ನಾನು ಎಲ್ಲಿದ್ದೇನೆ ಅಂತ ನೋಡುವುದು. ಸೆರಗಿನ ಕೆಳಗೆ ಬೆಲ್ಲದ ಚೂರು, ಹುರಿಗಡಲೆ ತಂದು ನನ್ನ ಕೈಗೆ ತುರುಕುವುದು. ನಾನು ಅದನ್ನು ಹಸುವಿಗೆ ಹಾಕುತ್ತಿದ್ದೆ. ನಮ್ಮವ್ವನಿಗೆ ಹೇಳಿದರು, ಬೇಡಿಕೊಂಡರು, ಒಮ್ಮೆ ಅತ್ತೂಬಿಟ್ಟರು. ಅವ್ವ ಬೈದು ಕಳಿಸಿದಳು. ಹಲ್ಲಿಗೂ ಹೆದರುವವರ ಮಾತನ್ನು ಯಾರು ಕೇಳುತ್ತಾರೆ ಹೇಳಿ. ಅವರ ಹೆದರಿಕೆಗೆ ನಮ್ಮ ಬೀದಿಯಲ್ಲಿ ಕಿಮ್ಮತ್ತೇ ಇರಲಿಲ್ಲ.

ಮದುವೆಗೆ ಹತ್ತಿರ ಹತ್ತಿರ ಅನ್ನುವಾಗ ಧಾರೆ ಸೀರೆ, ಅದರ ರವಿಕೆ ಎರಡೂ ಶ್ರೀರಂಗಪಟ್ಟಣದಿಂದ ಬಂದವು. ಅರಿಶಿನ ಬಣ್ಣದ ರೇಷ್ಮೆ, ಕೆಂಪು ಅಂಚು. ದೂರದ ಮಾವ ಅದನ್ನು ದೇವರ ಮುಂದೆ ಇಟ್ಟು ಕಾಫಿ ಕುಡಿದು ಹೋದರು. ಮಧ್ಯಾಹ್ನ ಅವ್ವ ಮಿಷಿನಕ್ಕನನ್ನು ಕರೆದಳು. ಕೋಣೆಯಲ್ಲಿ ನಾವು ಮೂವರೇ.

ತೋಳು ಹೇಗೋ ಏರಿತು. ಭುಜದ ಹತ್ತಿರ ನಿಂತುಬಿಟ್ಟಿತು. ನನ್ನ ಎದೆಯ ಗೂಡಿನ ಮೂಳೆ ಒಂದೊಂದೂ ಕಾಣುತ್ತಿತ್ತು, ಆದರೂ ಆ ರವಿಕೆ ಮುಂದಕ್ಕೆ ಬರಲೊಲ್ಲದು. ಮಿಷಿನಕ್ಕ ಒಳಹೊಲಿಗೆ ತಿರುಗಿಸಿ ನೋಡಿ, "ಒಳಗೆ ಬಟ್ಟೇನೇ ಬುಟ್ಟಿಲ್ಲ ಅಕ್ಕಯ್ಯ, ಬಿಚ್ಚಿ ದೊಡ್ಡದು ಮಾಡೋಂಗಿಲ್ಲ" ಅಂದರು. ಅವ್ವನ ಮುಖ ಬೆಳ್ಳಗಾಯಿತು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಉಸ್ರು ಬುಡು," ಅಂದಳು ನನಗೆ. "ಪೂರಾ ಬುಡು. ಬುಟ್ಟು ಇಡ್ಕೊ."

ಬಿಟ್ಟೆ. ಅವ್ವ ಎರಡೂ ಕಡೆಯಿಂದ ಹಿಡಿದು ಎಳೆದು, ಮೊಣಕಾಲು ನನ್ನ ಪಕ್ಕೆಗೆ ಒತ್ತಿ, ಒಂದು ಹುಕ್ಕು ಸೇರಿಸಿದಳು. ಇನ್ನೊಂದು ಸೇರಿಸಿದಳು. ನನಗೆ ತಿರುಗಿ ಉಸಿರು ಎಳೆದುಕೊಳ್ಳಲು ಆಗಲಿಲ್ಲ. ಹೇಳಬೇಕು ಅಂದುಕೊಂಡೆ, ಬಾಯಿ ಬರಲಿಲ್ಲ. ಕಿವಿಯಲ್ಲಿ ನಾಲೆ ನೀರು ಧುಮುಕುವಂಥ ಸದ್ದು. ಕಿಟಕಿ ದೂರ ದೂರ ಹೋಯಿತು. ಸಾಯುವುದು ಅಂದರೆ ಇದೇ ಇರಬೇಕು, ಇಷ್ಟು ಬೇಗನೆ ಬಂತಲ್ಲ ಅಂತ ಅನಿಸಿದ್ದು ನೆನಪಿದೆ. ಬಿದ್ದದ್ದು ನೆನಪಿಲ್ಲ.

ಮುಂದಿನದು ಅವ್ವ ಎಷ್ಟೋ ವರ್ಷದ ಮೇಲೆ ಹೇಳಿದ್ದು. ನಾನು ನೆಲಕ್ಕೆ ಬಿದ್ದೆನಂತೆ, ತುಟಿ ನೀಲಿ ಆಗಿತ್ತಂತೆ. ಅವ್ವ ಹುಕ್ಕು ಬಿಚ್ಚಲು ಹೋದಳಂತೆ, ಬಿಗಿದುಕೊಂಡಿದ್ದ ಹುಕ್ಕು ಬರಲಿಲ್ಲವಂತೆ. ಮಿಷಿನಕ್ಕ ಅವಳನ್ನು ನೂಕಿಬಿಟ್ಟರು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು, ನನ್ನ ಬೆನ್ನಿನ ಮೇಲೆ ಧಾರೆ ರವಿಕೆಯನ್ನು ಕೆಳಗಿನಿಂದ ಕತ್ತಿನವರೆಗೆ ಒಂದೇ ಸಲಕ್ಕೆ ಸೀಳಿಬಿಟ್ಟರು. ಯಾರನ್ನೂ ಏನೂ ಕೇಳಲಿಲ್ಲ. ಧಾರೆಗೆ ಮುಂಚೆ ಗಂಡಿನ ಮನೆಯ ರವಿಕೆಗೆ ಕತ್ತರಿ. ಅವ್ವ ಬಾಯಿ ಮೇಲೆ ಕೈಯಿಟ್ಟುಕೊಂಡು ನಿಂತಳಂತೆ. ಅವಳಿಗೆ ಮೊದಲು ಭಯವಾದದ್ದು ಮಗಳಿಗಾಗಿಯೋ ರವಿಕೆಗಾಗಿಯೋ ಅಂತ ನಾನು ಕೇಳಲು ಹೋಗಲಿಲ್ಲ.

ಅಪ್ಪ ಗದ್ದೆಯಿಂದ ಓಡಿ ಬಂದು ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಗ್ಲೂಕೋಸ್ ಹಚ್ಚಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಡಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. "ಮದುವೆ ಮಾತು ಆಮೇಲೆ. ಮೊದಲು ಹುಡುಗಿ ಉಳೀಲಿ" ಅಂದರು. ಅಪ್ಪ ಅವ್ವನ ಮುಖ ನೋಡಿದರು. ಅವ್ವ ನೆಲ ನೋಡಿದಳು.

ಆ ಹೊತ್ತಿಗೆ ಮಿಷಿನಕ್ಕ ನಮ್ಮ ಬೀದಿಯಲ್ಲಿ ಇರಲಿಲ್ಲ. ಸೀಳಿದ ರವಿಕೆಯನ್ನು ಮಡಿಸಿ ಬಟ್ಟೆ ಚೀಲದಲ್ಲಿಟ್ಟುಕೊಂಡು, ಗಂಡನಿಗೂ ಹೇಳದೆ, ಒಬ್ಬರೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ. ಹುಡುಗನ ತಂದೆಯ ಹೆಸರು ಹೇಳಿ ಕೇಳಿಕೊಂಡು ಕೇಳಿಕೊಂಡು ಹೋದರಂತೆ. ಜಗಲಿ ಹತ್ತಲು ಧೈರ್ಯವಾಗದೆ ಬೀದಿಯಲ್ಲೇ ನಿಂತಿದ್ದರಂತೆ. ಹುಡುಗನ ತಾಯಿಯೇ ಹೊರಗೆ ಬಂದು, "ಯಾರಮ್ಮ ನೀನು?" ಅಂದಾಗ ರವಿಕೆ ತೆಗೆದು ಜಗಲಿಯ ಮೇಲೆ ಹಾಸಿದರು. ಅಳು ಬಂತು. ಅಳುತ್ತಲೇ ಹೇಳಿದರು: "ಇದು ಆ ಮಗೀನ ಅಳ್ತೆ ಅಲ್ಲ ಕನವ್ವ, ಅವರಕ್ಕುಂದು. ಇದ್ರಲ್ಲಿ ಅವ್ಳು ಇಡ್ಸಕಿಲ್ಲ. ಇಡ್ಸಾಕೋದ್ರೆ ಸತ್ತೋಯ್ತಾಳೆ. ಕತ್ತರ್ಸಿದ್ದು ನಾನೇಯ."

ಹುಡುಗನ ತಂಗಿ, "ನಾವೇನು ಸಾಯಿ ಅಂದಿದ್ವಾ?" ಅಂದಳಂತೆ. ಅದೂ ನಿಜವೇ. ಸಾಯಿ ಅಂತ ಯಾರೂ ಅಂದಿರಲಿಲ್ಲ. ತಾಯಿ ಮಾತ್ರ ಆ ಸೀಳಿದ ರೇಷ್ಮೆಯನ್ನೇ ನೋಡುತ್ತಾ ನಿಂತು, ಆಮೇಲೆ ಬಾಗಿಲು ಹಾಕಿಕೊಂಡರು. ಮಾರನೇ ದಿನ ದೂರದ ಮಾವ ಬಂದರು. ಸುಳ್ಳು ಅಳತೆ ಕೊಟ್ಟ ಮನೆಯ ಹೆಣ್ಣು ಬೇಡ, ಧಾರೆ ರವಿಕೆ ಸೀಳಿದ ಮದುವೆಯೂ ಬೇಡ ಅಂತ ಹೇಳಿ, ಸೀರೆ ವಾಪಸು ತೆಗೆದುಕೊಂಡು ಹೋದರು.

ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವ್ವ ಗೋಡೆಯ ಈಚೆ ನಿಂತು ಮಿಷಿನಕ್ಕನನ್ನು ಬೈದದ್ದು ಇಡೀ ಬೀದಿಗೆ ಕೇಳಿಸಿತು. ಮನೆ ಮುರಿದಳು ಅಂದಳು, ಬಂಜೆ ಅಂದಳು, ಬಾಯಿಗೆ ಬಂದದ್ದೆಲ್ಲ ಅಂದಳು. ಆ ಕಡೆ ಮಿಷಿನ್ನೂ ನಿಂತಿತ್ತು. ಅವರು ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂತು ನಡುಗುತ್ತಿರಬೇಕು ಅಂತ ನನಗೆ ಗೊತ್ತಿತ್ತು. ಹಾಸಿಗೆಯಿಂದ ಏಳಲು ನನಗೆ ಶಕ್ತಿ ಇರಲಿಲ್ಲ.

ಆಮೇಲೆ ಅವರಿಗೆ ಮದುವೆ ಬಟ್ಟೆ ಯಾರೂ ಕೊಡಲಿಲ್ಲ. ಧಾರೆ ರವಿಕೆಗೆ ಕತ್ತರಿ ಹಾಕಿದ ಕೈ ಅಂತ ಹೆಸರಾಯಿತು. ಸ್ಕೂಲ್ ಯೂನಿಫಾರಮ್ಮು, ಲಂಗ, ಹರಿದ ನೈಟಿ, ಇಷ್ಟೇ ಉಳಿಯಿತು. ಮುಂಚೆ ಮದುವೆ ಕಾಲದಲ್ಲಿ ಅವರ ಪಡಸಾಲೆಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ಈಗ ಬೀದಿಯ ಹೆಂಗಸರು ಅದೇ ಬಾಗಿಲ ಮುಂದಿನಿಂದ ಬಸ್‌ಸ್ಟ್ಯಾಂಡ್ ಕಡೆಯ ಟೈಲರಿಗೆ ಬಟ್ಟೆ ಕೊಂಡು ಹೋಗುವುದನ್ನು ಅವರು ಕೂತು ನೋಡುತ್ತಿದ್ದರು.

ಮುದ್ದೆ ತಿನ್ನಲು ನಾನು ಮತ್ತೆ ಹೊಸದಾಗಿ ಕಲಿಯಬೇಕಾಯಿತು. ಒಂದೊಂದು ತುತ್ತಿಗೂ ಭಯ. ನುಂಗಿದ ಮೇಲೆ ಇನ್ನೂ ಭಯ. ನಡೆಯುವಷ್ಟಾದ ಮೇಲೆ ಮೊದಲು ಪಕ್ಕದ ಮನೆಗೆ ಹೋದೆ. ಅವರು ಯೂನಿಫಾರಮ್ಮಿಗೆ ಗುಂಡಿ ಹಾಕುತ್ತಿದ್ದರು.

"ಹೋಗುವಾಗ ಭಯ ಆಗಲಿಲ್ವಾ ಅಕ್ಕ?" ಅಂತ ಕೇಳಿದೆ.

"ಆಗ್ದೆ? ಬಸ್ಸಲ್ಲಿ ವಾಂತಿ ಮಾಡ್ಕಂಡೆ. ಅವ್ರ ಜಗ್ಲಿ ಅತ್ತಾಕೂ ಆಗ್ನಿಲ್ಲ." ದಾರ ಕಚ್ಚಿ ತುಂಡು ಮಾಡಿದರು. "ಈಗ್ಲೂ ಬಾಗ್ಲು ಬಡುದ್ರೆ ಅವ್ರೇ ಬಂದ್ರೇನೋ ಅಂತೀನಿ. ಆದ್ರೆ ನೀನು ನೆಲದ ಮೇಲೆ ಬಿದ್ದಿದ್ಯಲ್ಲ, ಅದ್ಕಿಂತ ದೊಡ್ಡ ಎದ್ರಿಕೆ ನಂಗೆ ಯಾವ್ದೂ ಆಗಿಲ್ಲ ಕನವ್ವ. ಅದುನ್ನ ಇನ್ನೊಂದ್ಸಲ ನೋಡಾಕಾಗಕಿಲ್ಲ ಅಂತ ಓದೆ."

ಒಂದೆರಡು ವರ್ಷದ ಮೇಲೆ ಕೆ.ಆರ್.ಪೇಟೆಯ ಸಂಬಂಧ ಬಂತು. ಗೊಬ್ಬರದ ಅಂಗಡಿ ಇಟ್ಟುಕೊಂಡವರು. ನೋಡಲು ಬಂದಾಗ ಊಟದ ಹೊತ್ತು, ನಾನು ಬಡಿಸುವಾಗ ಹುಡುಗ, "ನೀವೂ ಕೂತ್ಕಳಿ" ಅಂದ. ಅವರೂ ಅಳತೆ ರವಿಕೆ ಕೇಳಿದರು. ಅವ್ವ, "ಅಳತೆ ಕೊಡಾಕಿಲ್ಲ, ಬಟ್ಟೆ ಕಳ್ಸಿ, ನಾವೇ ಹೊಲಿಸ್ಕೋತೀವಿ" ಅಂದುಬಿಟ್ಟಳು. ಬಟ್ಟೆ ಬಂದ ದಿನ ಅವಳು ಅದನ್ನು ತೆಗೆದುಕೊಂಡು, ಎರಡು ವರ್ಷ ತುಳಿಯದ ಪಕ್ಕದ ಮನೆಯ ಬಾಗಿಲಿಗೆ ಹೋದಳು. ರೇಷ್ಮೆಯನ್ನು ಮಿಷಿನ್ನಿನ ಮೇಲಿಟ್ಟು, ಎಲ್ಲೋ ನೋಡುತ್ತಾ, "ಅಳ್ತೆ ರವ್ಕೆ ತಂದಿಲ್ಲ. ಅವಳ್ನೇ ಕಳ್ಸ್ತೀನಿ, ಮೈಯ್ಯೇ ಅಳ್ಕೊ" ಅಂದಳು. ಮಿಷಿನಕ್ಕ ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ನಮ್ಮವ್ವನಿಗೆ ತಪ್ಪಾಯಿತು ಅನ್ನುವ ಮಾತು ಯಾವತ್ತೂ ಬಾಯಿಗೆ ಬಂದದ್ದಿಲ್ಲ. ಅವತ್ತೂ ಬರಲಿಲ್ಲ. ಆದರೆ ಅಳೆಯುವಷ್ಟು ಹೊತ್ತೂ ಅಲ್ಲೇ ಹೊಸಿಲ ಮೇಲೆ ಕೂತಿದ್ದಳು.

ಮದುವೆಯಾಗಿ ನಾನು ಕೆ.ಆರ್.ಪೇಟೆಗೆ ಬಂದೆ. ಸ್ವಲ್ಪ ಕಾಲಕ್ಕೆ ಮಿಷಿನಕ್ಕನ ಗಂಡ ತೀರಿಕೊಂಡರು. ಹೊಲಿಗೆಯಿಂದ ಹೊಟ್ಟೆ ತುಂಬುವ ಹಾಗಿರಲಿಲ್ಲ, ಕಿಕ್ಕೇರಿಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದ ತಮ್ಮ ಬಂದು ಕರೆದುಕೊಂಡು ಹೋದ. ನನಗೆ ಹತ್ತಿರವಾಯಿತು, ಆಗಾಗ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹೋದಾಗಲೆಲ್ಲ ಅವರು ಮೊದಲು ನೋಡುತ್ತಿದ್ದುದು ನನ್ನ ಕೈಯನ್ನು. ಆಮೇಲೆ ಮುಖ.

ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಕೊನೆಯ ಸಲ ಹೋದಾಗ ಚಾಪೆಯ ಮೇಲೆ ಮಲಗಿದ್ದರು. ಅವರ ಮೈ ಸೀರೆಯ ಮಡಿಕೆಯಲ್ಲಿ ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ತಮ್ಮನ ಹೆಂಡತಿ ಒಳ್ಳೆಯ ಹೆಂಗಸು. ಗಂಜಿ ಕುಡಿಸುತ್ತಾ, "ಏನೂ ಆಗಕಿಲ್ಲ ಬುಡಿ ಅತ್ಗೆ, ಎದ್ರುಕೋಬ್ಯಾಡಿ, ಧೈರ್ಯವಾಗಿರಿ" ಅನ್ನುತ್ತಿದ್ದಳು. ನೋಡಲು ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಿದ್ದರು. ಪ್ರತಿ ಸಲವೂ ಮಿಷಿನಕ್ಕ ತಲೆ ಆಡಿಸುತ್ತಿದ್ದರು. ಅವರ ಕಣ್ಣು ಮಾತ್ರ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡುತ್ತಿತ್ತು.

ಮನೆಯವರು ಆಚೆ ಹೋದ ಮೇಲೆ ಕೈ ಚಾಚಿ ನನ್ನ ರಟ್ಟೆ ಹಿಡಿದುಕೊಂಡರು. ಹಿಸುಕಿ ನೋಡಿದರು. ಬೆರಳಿಗೆ ಮಾಂಸ ಸಿಕ್ಕಿತು.

"ತುಂಬ್ಕಂಡಿದೀಯ," ಅಂದರು. "ಒಳ್ಳೇದಾಯ್ತು."

ಹಿಡಿದ ಕೈ ಬಿಡದೆ, "ನಂಗೆ ಬೋ ಎದ್ರಿಕೆ ಆಯ್ತದೆ ಕನವ್ವ" ಅಂದರು.

ಧೈರ್ಯದ ಮಾತು ನನ್ನ ಬಾಯಿಯ ತನಕ ಬಂತು. ಹೇಳಲಿಲ್ಲ. ನನ್ನ ಬಗ್ಗೆ ಎಲ್ಲರೂ ಏನಾಗಲ್ಲ ಬುಡು ಅಂದಾಗ ಒಬ್ಬರೇ ಒಬ್ಬರು ಹೆದರಿದ್ದರು, ಅದಕ್ಕೇ ನಾನು ಈ ಚಾಪೆಯ ಪಕ್ಕದಲ್ಲಿ ಕೂತಿದ್ದೆ.

"ನಂಗೂ ಭಯ ಆಗ್ತಿದೆ ಅಕ್ಕ," ಅಂದೆ.

ಅವರ ಕಣ್ಣು ಓಡುವುದು ನಿಂತಿತು. "ಅಂಗಾದ್ರೆ ಇಲ್ಲೇ ಇರು" ಅಂದು ನನ್ನ ರಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಊರಿಗೆ ಹೋಗುವ ಕೊನೆಯ ಬಸ್ಸು ರಸ್ತೆಯಲ್ಲಿ ನಿಂತು, ಹಾರನ್ ಹೊಡೆದು, ಹೋಯಿತು. ನಾನು ಏಳಲಿಲ್ಲ. ಬೆಳಿಗ್ಗೆ ಅವರ ಬೆರಳುಗಳನ್ನು ತಮ್ಮನ ಹೆಂಡತಿ ಬಂದು ಒಂದೊಂದಾಗಿ ಬಿಡಿಸಬೇಕಾಯಿತು.